ಎದೆಬಡಿತ ತಾಳ ತಪ್ಪಿದವರು ಗುಳಿಗೆಗಳ ಜೊತೆ ದಿನ ಕಳೆಯೋದು ಹೇಗೆ

ಎದೆಬಡಿತದ ಗುಳಿಗೆ ಹೊಸದಾಗಿ ಶುರುವಾಗಿದೆಯಾ? ಹಾಗಾದರೆ ಮೊದಲು ಡಾಕ್ಟರ್ ಚೀಟಿ ಮತ್ತು ಒಂದು ಪೆನ್ನು ತಗೊಂಡು ಕೂತುಕೊಳ್ಳಿ. ಒಂದೊಂದು ಗುಳಿಗೆಯ ಹೆಸರಿನ ಮುಂದೆ ಅದು ಯಾವ ಕೆಲಸಕ್ಕೆ ಅಂತ ಕನ್ನಡದಲ್ಲಿ ಬರೆದುಕೊಳ್ಳಿ. ಗೊತ್ತಾಗದಿದ್ದರೆ ಖಾಲಿ ಬಿಡಿ, ಮುಂದಿನ ಸಲ ದವಾಖಾನೆಗೆ ಹೋದಾಗ ಕೇಳಿ ತುಂಬಿಸಿ. ಸಣ್ಣ ಕೆಲಸ ಅನ್ನಿಸಬಹುದು. ಆದರೆ ನಮ್ಮ ವಿಜಯಪುರದ ಕಡೆ ಈ ತೊಂದರೆ ಇರುವ ಎಷ್ಟೋ ಜನರ ಜೊತೆ ದವಾಖಾನೆಯ ಬೆಂಚಿನ ಮೇಲೆ ಕೂತು ಮಾತಾಡಿದ್ದೇನೆ. ತಾವಾಗಿಯೇ ಗುಳಿಗೆ ನಿಲ್ಲಿಸಿ ಕಷ್ಟಕ್ಕೆ ಸಿಕ್ಕವರಲ್ಲಿ ಹೆಚ್ಚಿನವರಿಗೆ ಆ ಗುಳಿಗೆ ಯಾಕೆ ಕೊಟ್ಟಿದ್ದಾರೆ ಅನ್ನೋದೇ ಗೊತ್ತಿರಲಿಲ್ಲ.

ನಾನು ಡಾಕ್ಟರ್ ಅಲ್ಲ. ನನಗೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎದೆಬಡಿತ ತಾಳ ತಪ್ಪುವ ಕಾಯಿಲೆ ಇದೆ, ನಮ್ಮ ಅವ್ವನಿಗೂ ಇದೆ. ಕಾಯಿಲೆಯ ಹೆಸರು ಒಂದೇ ಆದರೂ ನಮ್ಮಿಬ್ಬರ ಗುಳಿಗೆ ಬೇರೆ ಬೇರೆ, ಪಥ್ಯವೂ ಬೇರೆ. ನಾನು ಮೆಟೊಪ್ರೊಲಾಲ್ ಮತ್ತು ಎಪಿಕ್ಸಬಾನ್ ತಗೊಳ್ತೇನೆ. ಅವ್ವನಿಗೆ ಚಿಕ್ಕಂದಿನಲ್ಲಿ ಬಂದ ಕೀಲುಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ, ಹಾಗಾಗಿ ಅವಳಿಗೆ ಅಸಿಟ್ರಾಮ್ ಅನ್ನೋ ಹೆಸರಲ್ಲಿ ಸಿಗುವ ಎಸಿನೊಕೌಮರಾಲ್. ಅದಕ್ಕೇ ಮೊದಲೇ ಹೇಳ್ತೇನೆ, ಪಕ್ಕದ ಮನೆಯವರ ಗುಳಿಗೆ ನೋಡಿ ನಿಮ್ಮದನ್ನು ಬದಲಾಯಿಸಬೇಡಿ. ಕೆಳಗೆ ಬರೆದಿರೋದರಲ್ಲಿ ನಿಮಗೆ ಯಾವುದು ಹೊಂದುತ್ತದೆ ಅನ್ನೋದನ್ನು ನಿಮ್ಮ ಡಾಕ್ಟರ್ ಜೊತೆ ಕೂತು ತೀರ್ಮಾನಿಸಿ.

ಎರಡು ಥರದ ಗುಳಿಗೆ, ಎರಡು ಬೇರೆ ಕೆಲಸ

ಹೃದಯದಲ್ಲಿ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಈ ಕಾಯಿಲೆಯಲ್ಲಿ ಮೇಲಿನ ಕೋಣೆಗಳು ಒಂದು ಲಯದಲ್ಲಿ ಮಿಡಿಯುವುದನ್ನು ಬಿಟ್ಟು ಸುಮ್ನೆ ನಡುಗುತ್ತಾ ಇರುತ್ತವೆ. ಇದರಿಂದ ಎರಡು ತೊಂದರೆ. ಒಂದು, ಬಡಿತ ಜೋರಾಗಿ, ಏರುಪೇರಾಗಿ ಓಡುತ್ತದೆ. ಎದೆ ಡವಡವ, ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು, ಒಮ್ಮೊಮ್ಮೆ ಚಕ್ಕರ್. ಇನ್ನೊಂದು ತೊಂದರೆ ನಮಗೆ ಗೊತ್ತೇ ಆಗುವುದಿಲ್ಲ. ಎಡಗಡೆಯ ಮೇಲಿನ ಕೋಣೆಗೆ ಅಂಟಿಕೊಂಡಂತೆ ಒಂದು ಸಣ್ಣ ಚೀಲ ಇದೆ, ಅದರಲ್ಲಿ ರಕ್ತ ಸರಿಯಾಗಿ ಹರಿಯದೆ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಅಲ್ಲಿಂದ ಕಿತ್ತು ಮೆದುಳಿಗೆ ಹೋದರೆ ಲಕ್ವ. ಈ ಕಾಯಿಲೆ ಇಲ್ಲದವರಿಗೆ ಹೋಲಿಸಿದರೆ ಇರುವವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು.

ಮೊದಲ ತೊಂದರೆಗೆ ಬಡಿತ ಹಿಡಿತದಲ್ಲಿಡುವ ಗುಳಿಗೆ: ಮೆಟೊಪ್ರೊಲಾಲ್, ಬೈಸೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್. ಲಯವನ್ನೇ ಸರಿಮಾಡಲು ಅಮಿಯೊಡರೋನ್, ಫ್ಲೆಕೈನೈಡ್ ಥರದವು. ಎರಡನೇ ತೊಂದರೆಗೆ ನಾವೆಲ್ಲ ರಕ್ತ ತೆಳು ಮಾಡೋ ಗುಳಿಗೆ ಅಂತ ಕರೆಯುವಂಥವು: ವಾರ್ಫರಿನ್, ಎಸಿನೊಕೌಮರಾಲ್, ಎಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಾಟ್ರಾನ್.

ಇಲ್ಲೇ ಜನ ಎಡವುವುದು. ಬಡಿತ ಸರಿಹೋಯಿತು, ದಮ್ಮು ನಿಂತಿತು, ಇಸಿಜಿಯಲ್ಲೂ ಚೆನ್ನಾಗಿದೆ ಅಂದರು, ಇನ್ನು ಈ ರಕ್ತದ ಗುಳಿಗೆ ಯಾಕೆ ಅಂತ ನಿಲ್ಲಿಸಿಬಿಡುತ್ತಾರೆ. ಆರಾಮ ಅನ್ನಿಸುವುದಕ್ಕೂ ಈ ಗುಳಿಗೆಗೂ ಸಂಬಂಧವೇ ಇಲ್ಲ. ಅದು ನಿಮ್ಮನ್ನು ಆರಾಮ ಮಾಡುವುದಿಲ್ಲ, ತಗೊಂಡದ್ದೂ ಗೊತ್ತಾಗುವುದಿಲ್ಲ, ಬಿಟ್ಟದ್ದೂ ಗೊತ್ತಾಗುವುದಿಲ್ಲ. ಅದು ಬೇಕೋ ಬೇಡವೋ ಅನ್ನೋದನ್ನು ಡಾಕ್ಟರ್ ಲೆಕ್ಕ ಹಾಕುವುದು ನಿಮ್ಮ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಶಕ್ತಿ, ಹಿಂದೆ ಲಕ್ವ ಆಗಿತ್ತಾ, ರಕ್ತನಾಳದ ತೊಂದರೆ ಇದೆಯಾ ಅನ್ನೋದರ ಮೇಲೆ. ಬಡಿತ ಇವತ್ತು ಹೇಗಿದೆ ಅನ್ನೋದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಚೀಟಿಯಲ್ಲಿ ಆ ಗುಳಿಗೆಯ ಮುಂದೆ 'ಲಕ್ವ ತಡೆಯಲು' ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ಮನೆಯಲ್ಲಿ ಎಲ್ಲರಿಗೂ ಕಾಣಲಿ.

ನಾಡಿ ನೋಡೋದು, ಬರೆದಿಡೋದು

ಹೆಬ್ಬೆರಳಿನ ಬುಡದಿಂದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ ಎರಡು ಬೆರಳಿಟ್ಟು ನೋಡಿ. ಹೆಬ್ಬೆರಳಿಂದ ನೋಡಬೇಡಿ, ಅದರದ್ದೇ ಮಿಡಿತ ಸಿಗುತ್ತದೆ. ಐದು ನಿಮಿಷ ಸುಮ್ನೆ ಕೂತ ಮೇಲೆ, ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ನಮ್ಮಂಥವರಿಗೆ ಆಗಿಬರುವುದಿಲ್ಲ, ಏಕೆಂದರೆ ನಮ್ಮ ಬಡಿತ ಒಂದು ಗಳಿಗೆ ಓಡುತ್ತದೆ, ಇನ್ನೊಂದು ಗಳಿಗೆ ನಿಧಾನ ಆಗುತ್ತದೆ. ಕೆಲವು ಮಿಡಿತ ಎಷ್ಟು ಮೆಲ್ಲಗೆ ಇರುತ್ತವೆ ಅಂದರೆ ಬೆರಳಿಗೆ ಹತ್ತುವುದೇ ಇಲ್ಲ. ಮನೆಯಲ್ಲಿ ಬಿಪಿ ಮಷೀನ್ ಇದ್ದರೆ ಒಂದೇ ಸಲದ ಅಂಕಿ ನಂಬಬೇಡಿ, ಮೂರು ಸಲ ನೋಡಿ ಸರಾಸರಿ ಬರೆಯಿರಿ.

ನೋಟ್‌ಬುಕ್ ಒಂದು ಇಡಿ. ನನ್ನದರಲ್ಲಿ ಒಂದು ಸಾಲು ಹೀಗಿದೆ: 'ಮಂಗಳವಾರ. ಬೆಳಿಗ್ಗೆ ನಾಡಿ 68, ಬಿಪಿ 118/76. ಮಧ್ಯಾಹ್ನ ಹೊಲಕ್ಕೆ ಹೋಗಿ ಬಂದೆ, ಸಂಜೆ ಕಾಲು ಭಾರ. ರಾತ್ರಿ ಗುಳಿಗೆ 9ಕ್ಕೆ.' ಇಷ್ಟು ಸಾಕು. ಡಾಕ್ಟರ್ ಹತ್ತಿರ ಹೋದಾಗ 'ಯಾಕೋ ಸುಸ್ತು ರೀ' ಅಂದರೆ ಅವರಿಗೂ ಏನೂ ತಿಳಿಯುವುದಿಲ್ಲ. 'ಗುಳಿಗೆ ಜಾಸ್ತಿ ಮಾಡಿದ ಮೇಲೆ ನಾಡಿ 50ರ ಹತ್ತಿರ ಇದೆ, ಎದ್ದು ನಿಂತರೆ ಚಕ್ಕರ್ ಬರುತ್ತದೆ' ಅಂದರೆ ಅಲ್ಲೇ ಡೋಸ್ ಬದಲಾಗುತ್ತದೆ. ಹೊರಗೆ ಐವತ್ತು ಜನ ಕಾಯುತ್ತಿರುವಾಗ ನಿಮಗೆ ಸಿಗೋದು ಕೆಲವೇ ನಿಮಿಷ, ಅಲ್ವಾ? ಆ ನಿಮಿಷಗಳನ್ನು ನೋಟ್‌ಬುಕ್ ಉಳಿಸುತ್ತದೆ.

ಬಡಿತದ ಗುಳಿಗೆ ತಗೊಂಡವರಿಗೆ ಏನಾಗುತ್ತದೆ

ಮೆಟೊಪ್ರೊಲಾಲ್ ಥರದ ಗುಳಿಗೆ ಶುರುವಾದ ಮೊದಲ ಕೆಲವು ವಾರ ಬಹಳ ಜನ ಒಂದೇ ಮಾತು ಹೇಳುತ್ತಾರೆ: ಮೈಯಲ್ಲಿ ಜೀವ ಇಲ್ಲದಂತೆ ಸುಸ್ತು, ಕೈಕಾಲು ತಣ್ಣಗೆ. ನನಗೂ ಹಾಗೇ ಆಯಿತು. ಬಹಳಷ್ಟು ಜನರಿಗೆ ಮೈ ಹೊಂದಿಕೊಂಡ ಮೇಲೆ ಇದು ಕಡಿಮೆಯಾಗುತ್ತದೆ. ಆಗದಿದ್ದರೆ ಡೋಸ್ ಇಳಿಸಬಹುದು, ರಾತ್ರಿಗೆ ಬದಲಾಯಿಸಬಹುದು, ಬೇರೆ ಗುಳಿಗೆ ಕೊಡಬಹುದು. ದಾರಿ ಇದೆ, ಕೇಳಬೇಕು ಅಷ್ಟೇ. ಆದರೆ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ಹಾಗೆ ಮಾಡಿದರೆ ಬಡಿತ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ. ಹೆಸರಿನ ಕೊನೆಗೆ ಎಕ್ಸ್‌ಎಲ್ ಅಂತ ಇದ್ದರೆ ಅದು ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆ. ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಬೇಡಿ, ವಯಸ್ಸಾದವರಿಗೆ ನುಂಗಲು ಆಗುವುದಿಲ್ಲ ಅಂತ ಎಷ್ಟೋ ಮನೆಯಲ್ಲಿ ಹಾಗೆ ಮಾಡುತ್ತಾರೆ. ಅಸ್ತಮಾ ಇದ್ದರೆ ಮೊದಲೇ ಹೇಳಿ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಗಮನಿಸಿ: ಸಕ್ಕರೆ ಇಳಿದಾಗ ಆಗುವ ನಡುಕ, ಎದೆ ಹೊಡೆದುಕೊಳ್ಳುವುದು ಈ ಗುಳಿಗೆಯಿಂದ ಮುಚ್ಚಿಹೋಗುತ್ತದೆ. ಬೆವರು ಮಾತ್ರ ಬರುತ್ತದೆ. ಕಾರಣ ಇಲ್ಲದೆ ಬೆವರಿದರೆ ಸಕ್ಕರೆ ನೋಡಿಕೊಳ್ಳಿ.

ಡಿಲ್ಟಿಯಾಜೆಮ್ ತಗೊಂಡವರಿಗೆ ಕಾಲು ಬಾವು, ಮಲಬದ್ಧತೆ ಬರುವುದುಂಟು. ಇದಕ್ಕಿಂತ ದೊಡ್ಡ ಅಪಾಯ ನಮ್ಮ ಭಾಗದಲ್ಲಿ ಇನ್ನೊಂದಿದೆ. ವಿಜಯಪುರದವರು ಇಲ್ಲಿ ಒಬ್ಬ ಡಾಕ್ಟರ್ ನೋಡಿ, ಸಮಾಧಾನ ಆಗದೆ ಸೊಲ್ಲಾಪುರಕ್ಕೆ ಹೋಗುತ್ತಾರೆ. ಬೆಳಗಾವಿ, ಜಮಖಂಡಿ ಕಡೆಯವರು ಮಿರಜಕ್ಕೆ ಹೋಗುತ್ತಾರೆ. ಹಳೆ ಚೀಟಿ ಮನೆಯಲ್ಲೇ ಬಿಟ್ಟು ಹೋದರೆ ಅಲ್ಲಿಯವರು ಹೊಸದಾಗಿ ಬರೆಯುತ್ತಾರೆ, ಇವರು ಬಂದು ಎರಡೂ ಊರಿನ ಗುಳಿಗೆ ನುಂಗುತ್ತಾರೆ. ಮೆಟೊಪ್ರೊಲಾಲ್ ಜೊತೆ ಡಿಲ್ಟಿಯಾಜೆಮ್ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಒಂದೇ ಔಷಧ ಎರಡು ಬ್ರ್ಯಾಂಡ್ ಹೆಸರಲ್ಲಿ ಬಂದು ಡೋಸ್ ದುಪ್ಪಟ್ಟು ಆಗುವುದೂ ಇದೆ. ಆದ್ದರಿಂದ ಯಾವ ಊರಿಗೆ ಹೋದರೂ ಗುಳಿಗೆಯ ಖಾಲಿ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಸುರಿಯಿರಿ.

ಡಿಗಾಕ್ಸಿನ್ ಹಳೇ ಔಷಧ. 1785ರಲ್ಲಿ ವಿಲಿಯಂ ವಿದರಿಂಗ್ ಅನ್ನೋ ಇಂಗ್ಲಿಷ್ ವೈದ್ಯರು ಅದರ ಮೂಲ ಗಿಡವಾದ ಫಾಕ್ಸ್‌ಗ್ಲೋವ್ ಬಗ್ಗೆ ಪುಸ್ತಕ ಬರೆದಿದ್ದರು. ಒಳ್ಳೆಯ ಔಷಧವೇ, ಆದರೆ ಗುಣ ಮಾಡುವ ಡೋಸ್‌ಗೂ ವಿಷವಾಗುವ ಡೋಸ್‌ಗೂ ಅಂತರ ಬಹಳ ಕಡಿಮೆ. ವಾರಕ್ಕೆ 5 ದಿನ ತಗೊಂಡು 2 ದಿನ ಬಿಡಿ ಅಂತ ಇಲ್ಲಿನ ಡಾಕ್ಟರ್‌ಗಳು ಬರೆಯುವುದು ಇದಕ್ಕೇ. ಆ ಎರಡು ದಿನ ಯಾವುವು ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಊಟ ಸೇರದೆ ಹೋದರೆ, ವಾಕರಿಕೆ ಶುರುವಾದರೆ, ಕಣ್ಣಿಗೆ ಎಲ್ಲ ಹಳದಿ ಹಳದಿಯಾಗಿ ಕಂಡರೆ ಪಿತ್ತ ಅಂತ ಸುಮ್ಮನೆ ಕೂರಬೇಡಿ, ಅದೇ ದಿನ ಡಾಕ್ಟರ್‌ಗೆ ತೋರಿಸಿ. ಬೇಸಿಗೆಯಲ್ಲಿ ವಾಂತಿಭೇದಿ ಆದಾಗ, ಕಿಡ್ನಿ ದುರ್ಬಲ ಇದ್ದಾಗ, ಮೂತ್ರ ಹೋಗುವ ಗುಳಿಗೆ ಜೊತೆಗಿದ್ದಾಗ ಈ ತೊಂದರೆ ಬೇಗ ಬರುತ್ತದೆ.

ಇನ್ನು ಅಮಿಯೊಡರೋನ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಲಯ ಸರಿಮಾಡುವುದರಲ್ಲಿ ಇದರಷ್ಟು ಗಟ್ಟಿ ಗುಳಿಗೆ ಕಡಿಮೆ, ಅಡ್ಡಪರಿಣಾಮವೂ ಅಷ್ಟೇ ಗಟ್ಟಿ. ಇದರ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಯೋಡಿನ್ನೇ ಇದೆ. ಹಾಗಾಗಿ ಥೈರಾಯಿಡ್ ಏರಲೂಬಹುದು, ಇಳಿಯಲೂಬಹುದು. ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ಅನ್ನೋ ಥೈರಾಯಿಡ್ ಪರೀಕ್ಷೆ ಮತ್ತು ಲಿವರ್ ಪರೀಕ್ಷೆ ಮಾಡಿಸಲೇಬೇಕು, ಡಾಕ್ಟರ್ ಮರೆತರೆ ನೀವೇ ನೆನಪಿಸಿ. ಹೊಸದಾಗಿ ಒಣ ಕೆಮ್ಮು, ದಮ್ಮು ಬಂದರೆ ಧೂಳಿಂದ ಅಂತ ಬಿಡಬೇಡಿ, ಈ ಗುಳಿಗೆ ಶ್ವಾಸಕೋಶಕ್ಕೂ ತೊಂದರೆ ಮಾಡಬಹುದು. ರಾತ್ರಿ ದೀಪದ ಸುತ್ತ ಬಳೆಯಂತೆ ಬೆಳಕು ಕಂಡರೆ ಕಣ್ಣಿನ ಡಾಕ್ಟರ್‌ಗೆ ತೋರಿಸಿ. ಮತ್ತೆ ಬಿಸಿಲು! ಈ ಗುಳಿಗೆ ತಗೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ವರ್ಷಗಟ್ಟಲೆ ತಗೊಂಡವರಲ್ಲಿ ಕೆಲವರ ಮುಖ ನೀಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ತುಂಬುತೋಳಿನ ಅಂಗಿ, ತಲೆಗೆ ಟವೆಲ್ ಇಲ್ಲವೇ ರುಮಾಲು, ಹೊಲದ ಕೆಲಸ ಬೆಳಿಗ್ಗೆ ಹತ್ತರೊಳಗೆ, ಉಳಿದದ್ದು ಸಂಜೆಗೆ. ಇದು ಗುಳಿಗೆ ನಿಲ್ಲಿಸಿದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ, ಆದ್ದರಿಂದ ಹೊಸ ಡಾಕ್ಟರ್ ಕೇಳಿದಾಗ 'ಈಗ ಬಿಟ್ಟಿದ್ದೇನೆ' ಅಂತ ಅದರ ಹೆಸರು ಬಿಡಬೇಡಿ.

ಫ್ಲೆಕೈನೈಡ್ ಅಥವಾ ಪ್ರೊಪಫೆನೋನ್ ಅನ್ನು ಕೆಲವರಿಗೆ ಜೇಬಲ್ಲಿಟ್ಟುಕೊಂಡು ಬಡಿತ ತಪ್ಪಿದಾಗ ಮಾತ್ರ ತಗೊಳ್ಳಿ ಅಂತ ಕೊಡುತ್ತಾರೆ. ಹೃದಯಾಘಾತ ಆದವರಿಗೆ, ಹೃದಯದ ಶಕ್ತಿ ಕುಗ್ಗಿದವರಿಗೆ ಇದು ಅಪಾಯ. ಮೊದಲ ಸಲ ದವಾಖಾನೆಯಲ್ಲೇ ತಗೊಂಡು ನೋಡಬೇಕು. ಇಂಥ ಗುಳಿಗೆಯನ್ನು ಪರಿಚಯದವರಿಗೆ 'ಒಂದು ನುಂಗಿ ನೋಡು' ಅಂತ ಕೊಡಲೇಬಾರದು.

ಅಸಿಟ್ರಾಮ್, ವಾರ್ಫರಿನ್ ತಗೊಳ್ಳುವವರಿಗೆ

ಕವಾಟ ಕಿರಿದಾದವರಿಗೆ, ಲೋಹದ ಕವಾಟ ಹಾಕಿಸಿಕೊಂಡವರಿಗೆ ಈಗಲೂ ಇದೇ ಗುಳಿಗೆ. ಎಪಿಕ್ಸಬಾನ್, ರಿವರೊಕ್ಸಬಾನ್ ಥರದ ಹೊಸ ಗುಳಿಗೆಗೆ ಬದಲಾಯಿಸಿ ಅಂತ ಹಟ ಹಿಡಿಯಬೇಡಿ. ಕೀಲುಜ್ವರದಿಂದ ಕವಾಟ ಕೆಟ್ಟವರಲ್ಲಿ ರಿವರೊಕ್ಸಬಾನ್ ಮತ್ತು ಹಳೇ ಗುಳಿಗೆ ಎರಡನ್ನೂ ಹೋಲಿಸಿದ ದೊಡ್ಡ ಅಧ್ಯಯನ 2022ರಲ್ಲಿ ಬಂತು, ಅದರಲ್ಲಿ ಹಳೇ ಗುಳಿಗೆಯೇ ಮೇಲಾಯಿತು. ಬಡಿತದ ಕಾಯಿಲೆ ಇದ್ದು ಲೋಹದ ಕವಾಟ ಇಲ್ಲದವರಲ್ಲಿ ಸಾಮಾನ್ಯವಾಗಿ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ, 2ರಿಂದ 3ರ ಒಳಗೆ ಇರಬೇಕು. 2ಕ್ಕಿಂತ ಕೆಳಗೆ ಹೋದರೆ ಹೆಪ್ಪುಗಟ್ಟುವ ಭಯ, 4 ದಾಟಿದರೆ ರಕ್ತಸ್ರಾವದ ಭಯ. ಲೋಹದ ಕವಾಟ ಇದ್ದರೆ ಅಂಕಿ ಬೇರೆ ಇರಬಹುದು, ನಿಮ್ಮದು ಎಷ್ಟು ಅಂತ ಕೇಳಿ ನೋಟ್‌ಬುಕ್‌ನ ಮೊದಲ ಹಾಳೆಯಲ್ಲಿ ಬರೆಯಿರಿ.

ಶುರುವಿನಲ್ಲಿ ಪರೀಕ್ಷೆ ಮೇಲಿಂದ ಮೇಲೆ ಇರುತ್ತದೆ. ಅಂಕಿ ನಿಂತ ಮೇಲೆ ತಿಂಗಳಿಗೊಮ್ಮೆ ಸಾಕು ಅನ್ನುತ್ತಾರೆ. ಸಾಧ್ಯವಾದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಗುಳಿಗೆಯನ್ನು ಸಂಜೆ ಹೊತ್ತು ಇಟ್ಟುಕೊಂಡರೆ ಒಂದು ಅನುಕೂಲ: ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ರಿಪೋರ್ಟ್ ಬಂದರೆ ಅಂದು ಸಂಜೆಯಿಂದಲೇ ಡೋಸ್ ಬದಲಾಯಿಸಬಹುದು. ಬದಲಾಯಿಸಿದ್ದು ಅಂಕಿಯಲ್ಲಿ ಕಾಣಲು ಎರಡು ಮೂರು ದಿನ ಬೇಕು. ಇವತ್ತು ಜಾಸ್ತಿ ತಗೊಂಡು ನಾಳೆಯೇ ನೋಡಿದರೆ ಪ್ರಯೋಜನ ಇಲ್ಲ. ಇನ್ನೊಂದು, ಒಂದೇ ಹೆಸರಿನ ಗುಳಿಗೆ 1, 2, 3, 4 ಎಂಜಿಗಳಲ್ಲಿ ಬರುತ್ತದೆ. ಅಂಗಡಿಯಲ್ಲಿ ಕೈಗೆ ಬಂದ ಕೂಡಲೇ ಪಟ್ಟಿಯ ಹಿಂದೆ ಅಂಕಿ ಓದಿ. ಅವ್ವನ ಕಣ್ಣಿಗೆ ಆ ಸಣ್ಣ ಅಕ್ಷರ ಹತ್ತುವುದಿಲ್ಲ. ಅದಕ್ಕೆ ನಾನು ಪಟ್ಟಿ ತಂದ ಕೂಡಲೇ ಹಿಂಬದಿಗೆ ಬಿಳಿ ಪಟ್ಟಿ ಅಂಟಿಸಿ, ಮಾರ್ಕರ್‌ನಿಂದ ದೊಡ್ಡದಾಗಿ '2' ಅಂತ ಬರೆದು, ಅರ್ಧ ತಗೊಳ್ಳುವ ದಿನಗಳು ಯಾವುವು ಅಂತ ಪಕ್ಕದಲ್ಲೇ ಸೋಮ, ಗುರು ಅಂತ ಗುರುತು ಹಾಕುತ್ತೇನೆ.

ಈಗ ಊಟದ ವಿಷಯ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಈ ಗುಳಿಗೆಯ ಬಲ ಇಳಿಸುತ್ತದೆ. ಇದನ್ನು ಕೇಳಿ ಸೊಪ್ಪನ್ನೇ ಬಿಟ್ಟವರು ನಮ್ಮಲ್ಲಿ ಬಹಳ. ಜೋಳದ ರೊಟ್ಟಿ ಜೊತೆ ಮೆಂತ್ಯ, ಹಕ್ಕರಿಕಿ, ಉಳ್ಳಾಗಡ್ಡಿ ತಪ್ಪಲು ಹಸಿಯಾಗಿಯೇ ತಿನ್ನುವ ಜನ ನಾವು, ಅದನ್ನು ಬಿಟ್ಟರೆ ಊಟಕ್ಕೆ ರುಚಿ ಎಲ್ಲಿಂದ ಬರಬೇಕು? ಬಿಡುವುದು ಬೇಕಿಲ್ಲ. ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಅಷ್ಟೇ ತಿನ್ನಿ, ಆ ಊಟಕ್ಕೆ ತಕ್ಕಂತೆ ಡೋಸ್ ಕೂಡಿಸುತ್ತಾರೆ. ತೊಂದರೆ ಬರುವುದು ಋತು ಬದಲಾದಾಗ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಹೊಲದ ತುಂಬ ಸೊಪ್ಪು, ಎರಡೂ ಹೊತ್ತು ಪಲ್ಯ. ಬೇಸಿಗೆಯಲ್ಲಿ ಸೊಪ್ಪು ತುಟ್ಟಿ, ತಟ್ಟೆಯಲ್ಲಿ ಜುಣಕ, ಬೇಳೆ, ಶೇಂಗಾ ಚಟ್ನಿ. ಅವ್ವನ ಐಎನ್‌ಆರ್ ಚಳಿಗಾಲದಲ್ಲಿ ಇಳಿದು ಬೇಸಿಗೆಯಲ್ಲಿ ಏರುತ್ತಿತ್ತು, ನೋಟ್‌ಬುಕ್ ತಿರುವಿ ನೋಡಿದಾಗಲೇ ನಮಗೆ ಇದು ಹೊಳೆದದ್ದು. ಈಗ ಸೊಪ್ಪಿನ ಕಾಲ ಶುರುವಾದಾಗ, ಮುಗಿದಾಗ ಒಂದು ಪರೀಕ್ಷೆ ಜಾಸ್ತಿ ಮಾಡಿಸುತ್ತೇವೆ. ಜ್ವರ ಬಂದು ನಾಲ್ಕು ದಿನ ಗಂಜಿ ಕುಡಿದರೂ ಅಂಕಿ ಏರಬಹುದು, ಆಗಲೂ ನೋಡಿಸಿ.

ಯಾವ ಹೊಸ ಔಷಧ ಸೇರಿದರೂ ಐಎನ್‌ಆರ್ ಅಲುಗಾಡುತ್ತದೆ ಅಂತಲೇ ಇಟ್ಟುಕೊಳ್ಳಿ. ಹೊಟ್ಟೆಗೆ ಕೊಡುವ ಮೆಟ್ರೊನಿಡಜೋಲ್, ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಮತ್ತೆ ನಾನು ಮೇಲೆ ಹೇಳಿದ ಅಮಿಯೊಡರೋನ್ ಅದನ್ನು ಏರಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಆಯುರ್ವೇದದ ಚೂರ್ಣ, ಕಷಾಯ ತಗೊಂಡರೂ ಡಾಕ್ಟರ್‌ಗೆ ಹೇಳಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಹರೆಯದ ಹೆಣ್ಣುಮಕ್ಕಳಿಗೆ ಒಂದು ಮಾತು. ಕೀಲುಜ್ವರದ ಕವಾಟದ ಕಾಯಿಲೆ ನಮ್ಮಲ್ಲಿ ಚಿಕ್ಕ ವಯಸ್ಸಿನವರಿಗೂ ಇದೆ. ಈ ಗುಳಿಗೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಮಗು ಬೇಕು ಅಂದುಕೊಂಡಾಗಲೇ, ಅಂದರೆ ಬಸಿರಾಗುವ ಮೊದಲೇ ಹೃದಯದ ಡಾಕ್ಟರ್‌ಗೆ ಹೇಳಿ. ತಿಂಗಳು ತಪ್ಪಿದ್ದು ಗೊತ್ತಾದರೆ ಗಾಬರಿಯಲ್ಲಿ ಗುಳಿಗೆ ಬಿಡಬೇಡಿ, ಅದೇ ದಿನ ಹೋಗಿ ಕೇಳಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ನಾಚದೆ ಹೇಳಿ.

ಹೊಸ ಗುಳಿಗೆ ತಗೊಳ್ಳುವವರಿಗೆ

ಎಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಾಟ್ರಾನ್‌ಗೆ ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕ ಬೇಡ. ಅಷ್ಟಕ್ಕೇ ಸಡಿಲ ಬಿಡಬೇಡಿ. ಹಳೇ ಗುಳಿಗೆಯ ಬಲ ಮೈಯಲ್ಲಿ ದಿನಗಟ್ಟಲೆ ಇರುತ್ತದೆ, ಇವುಗಳದ್ದು ಒಂದೇ ದಿನದಲ್ಲಿ ಇಳಿದುಹೋಗುತ್ತದೆ. ಎರಡು ದಿನ ಅಂಗಡಿಯಲ್ಲಿ ಸಿಗಲಿಲ್ಲ ಅಂತ ಬಿಟ್ಟರೆ ಆ ಎರಡು ದಿನ ನಿಮಗೆ ರಕ್ಷಣೆ ಇಲ್ಲ. ಪಟ್ಟಿಯಲ್ಲಿ ಒಂದು ವಾರದ್ದು ಉಳಿದಾಗಲೇ ಮುಂದಿನದು ತನ್ನಿ. ಕಿಡ್ನಿ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಬೇಕು, ವಯಸ್ಸಾದವರಿಗೆ ಇನ್ನೂ ಬೇಗ ಬೇಗ, ಯಾಕೆಂದರೆ ಕಿಡ್ನಿ ನೋಡಿಯೇ ಡೋಸ್ ಹಾಕುತ್ತಾರೆ.

ರಿವರೊಕ್ಸಬಾನ್ 15 ಮತ್ತು 20 ಎಂಜಿ ಊಟದ ಜೊತೆಗೇ ತಗೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ 20 ಎಂಜಿ ನುಂಗಿದರೆ ಸುಮಾರು ಮೂರನೇ ಒಂದು ಭಾಗ ಮೈಗೆ ಹತ್ತುವುದೇ ಇಲ್ಲ. ಇದನ್ನು ಔಷಧ ಅಂಗಡಿಯಲ್ಲಿ ಹೇಳುವವರು ಕಡಿಮೆ. ಒಂದು ಕಪ್ ಚಹಾ, ಎರಡು ಬಿಸ್ಕಿಟ್ ಊಟ ಅಲ್ಲ. ಶ್ರಾವಣ ಸೋಮವಾರ, ಏಕಾದಶಿ ಉಪವಾಸ ಮಾಡುವವರು ಯಾವ ಹೊತ್ತಿಗೆ ಹೊಟ್ಟೆ ತುಂಬ ಉಣ್ಣುತ್ತಾರೋ ಆ ಹೊತ್ತಿಗೇ ಗುಳಿಗೆ ಇಟ್ಟುಕೊಳ್ಳಬೇಕು. ರೋಜಾ ಇಡುವವರು ಇಫ್ತಾರ್ ಊಟಕ್ಕೆ ಬದಲಾಯಿಸಿಕೊಳ್ಳಬಹುದಾ ಅಂತ ರಮಜಾನ್ ಶುರುವಾಗುವ ಮೊದಲೇ ಡಾಕ್ಟರ್ ಕೇಳಿ. ದಿನಕ್ಕೆ ಎರಡು ಸಲದ ಎಪಿಕ್ಸಬಾನ್ ಆದರೆ ಸಹರಿ ಮತ್ತು ಇಫ್ತಾರ್ ನಡುವೆ ಎಷ್ಟು ತಾಸು ಆಗುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಹೋಗಿ.

ಡಾಬಿಗಾಟ್ರಾನ್ ಕ್ಯಾಪ್ಸೂಲ್ ಬಿಚ್ಚಿ ಪುಡಿ ಸುರಿಯಬಾರದು, ಹಾಗೆ ಮಾಡಿದರೆ ಔಷಧ ಅಳತೆ ಮೀರಿ ರಕ್ತಕ್ಕೆ ಸೇರುತ್ತದೆ. ತೇವಕ್ಕೆ ಕೆಡುತ್ತದೆ, ಡಬ್ಬಿಗೆ ಸುರಿದಿಡಬೇಡಿ, ತಗೊಳ್ಳುವಾಗಲೇ ಪಟ್ಟಿಯಿಂದ ತೆಗೆಯಿರಿ. ಎದೆ ಉರಿ, ಹೊಟ್ಟೆ ಉರಿ ಅಂತ ಬಹಳ ಜನ ಹೇಳುತ್ತಾರೆ, ನೆಟ್ಟಗೆ ಕೂತು ಒಂದು ಲೋಟ ಪೂರ್ತಿ ನೀರಿನ ಜೊತೆ ನುಂಗಿದರೆ ಕಡಿಮೆಯಾಗುತ್ತದೆ.

ಒಂದು ಹೊತ್ತು ಮರೆತರೆ? ದಿನಕ್ಕೆ ಎರಡು ಸಲದ್ದಾದರೆ 6 ತಾಸಿನೊಳಗೆ ನೆನಪಾದರೆ ತಗೊಳ್ಳಿ, ದಿನಕ್ಕೊಮ್ಮೆಯದಾದರೆ 12 ತಾಸಿನೊಳಗೆ. ಅದು ಮೀರಿದರೆ ಬಿಟ್ಟು ಮುಂದಿನ ಹೊತ್ತಿನದು ಮಾತ್ರ. ಎರಡನ್ನು ಒಟ್ಟಿಗೆ ಯಾವಾಗಲೂ ನುಂಗಬೇಡಿ.

ದುಡ್ಡಿನ ಮಾತು ಮುಚ್ಚಿಡಬೇಕಾಗಿಲ್ಲ. ಮೊದಲು ಈ ಗುಳಿಗೆಗಳು ಬಹಳ ತುಟ್ಟಿ ಇದ್ದವು. ರಿವರೊಕ್ಸಬಾನ್, ಎಪಿಕ್ಸಬಾನ್ ಎರಡರ ಪೇಟೆಂಟೂ ನಮ್ಮ ದೇಶದಲ್ಲಿ ಮುಗಿದಿದೆ, ಈಗ ಹಲವು ಕಂಪನಿಗಳ ಅಗ್ಗದ ಜೆನೆರಿಕ್ ಸಿಗುತ್ತವೆ. ತಾಲೂಕು ಊರುಗಳಲ್ಲೂ ಜನೌಷಧಿ ಕೇಂದ್ರ ಇದೆ, ಅಲ್ಲಿ ಕೇಳಿ. ದುಡ್ಡಿಲ್ಲ ಅಂತ ದಿನ ಬಿಟ್ಟು ದಿನ ನುಂಗುವುದಕ್ಕಿಂತ ಡಾಕ್ಟರ್‌ಗೆ ನೇರ ಹೇಳುವುದು ಒಳ್ಳೆಯದು, ಅವರು ನಿಮ್ಮ ಕೈಗೆಟುಕುವ ಗುಳಿಗೆ ಬರೆದುಕೊಡಬಹುದು.

ಸೂಜಿ, ನೋವಿನ ಗುಳಿಗೆ, ಪಾದಯಾತ್ರೆ

ಹಳ್ಳಿಯಲ್ಲಿ ಮೈಕೈ ನೋವು ಅಂದರೆ ಒಂದು ಸೂಜಿ. ಸೊಂಟಕ್ಕೆ ಚುಚ್ಚಿಸಿಕೊಂಡರೇ ನಮಗೆ ಸಮಾಧಾನ. ರಕ್ತ ತೆಳು ಮಾಡೋ ಗುಳಿಗೆ ತಗೊಳ್ಳುವವರಿಗೆ ಇದು ಎರಡು ರೀತಿಯಲ್ಲಿ ಅಪಾಯ: ಚುಚ್ಚಿದ ಜಾಗದಲ್ಲಿ ಮಾಂಸದೊಳಗೆ ರಕ್ತ ಸೋರಿ ಗಡ್ಡೆ ಕಟ್ಟುತ್ತದೆ, ಜೊತೆಗೆ ಆ ಸೂಜಿಯಲ್ಲಿ ಇರುವುದು ಹೆಚ್ಚಾಗಿ ಡೈಕ್ಲೊಫೆನಾಕ್. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಹರಿಸುತ್ತವೆ. ಮೊಣಕಾಲು ನೋವಿಗೆ ಅಂಗಡಿಯಿಂದ ಬಿಡಿ ಗುಳಿಗೆ ತಂದು ತಿನ್ನುವುದನ್ನು ದಯವಿಟ್ಟು ನಿಲ್ಲಿಸಿ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ನಡೆಯುತ್ತದೆ. ಅಸಿಟ್ರಾಮ್, ವಾರ್ಫರಿನ್‌ನವರು ಅದನ್ನೂ ದಿನಗಟ್ಟಲೆ ಜಾಸ್ತಿ ತಗೊಂಡರೆ ಐಎನ್‌ಆರ್ ನೋಡಿಸಬೇಕು. ಮೂಗು ಕಟ್ಟಿದಾಗ ಕೊಡುವ ನೆಗಡಿ ಗುಳಿಗೆಗಳಲ್ಲಿ ಹೆಚ್ಚಾಗಿ ಬಿಪಿ ಏರಿಸುವ ಫಿನೈಲೆಫ್ರಿನ್ ಇರುತ್ತದೆ, ಕೇಳಿ ತಗೊಳ್ಳಿ. ಹಲ್ಲು ಕೀಳಿಸುವಾಗ ಗುಳಿಗೆ ತಗೊಳ್ಳುತ್ತಿರುವುದು ಮೊದಲೇ ಹೇಳಿ, ನಿಲ್ಲಿಸಬೇಕೋ ಬೇಡವೋ ಅವರು ಮತ್ತು ಹೃದಯದ ಡಾಕ್ಟರ್ ಮಾತಾಡಿ ಹೇಳಲಿ.

ಯುಗಾದಿಗೆ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಶ್ರೀಶೈಲಕ್ಕೆ ನಡೆದುಕೊಂಡು ಹೋಗುವವರು ಸಾವಿರಾರು ಜನ. ಬಡಿತದ ಕಾಯಿಲೆ ಇದ್ದರೂ ಮಲ್ಲಯ್ಯನ ಹತ್ತಿರ ಹೋಗಲೇಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ, ಆ ಭಕ್ತಿ ನನಗೂ ಗೊತ್ತು. ಹೋಗುವ ಮೊದಲು ತೋರಿಸಿಕೊಂಡು ಹೋಗಿ. ಪೂರ್ತಿ ನಡೆಯಬೇಡಿ ಅಂದರೆ ಕೊನೆಯ ಸ್ವಲ್ಪ ದೂರ ನಡೆಯಿರಿ, ಉಳಿದದ್ದು ಬಸ್ಸಿನಲ್ಲಿ. ದಾರಿಯಲ್ಲಿ ಕಾಲು ನೋವಿಗೆ ಯಾರೋ ಪ್ರೀತಿಯಿಂದ ಗುಳಿಗೆ ಕೊಡುತ್ತಾರೆ, ಅದನ್ನು ತಗೊಳ್ಳಬೇಡಿ. ನೀರು ಕಡಿಮೆ ಕುಡಿದರೆ ಕಿಡ್ನಿ ಸೊರಗಿ ಔಷಧ ಮೈಯಲ್ಲಿ ಉಳಿಯುತ್ತದೆ, ಪೊಟ್ಯಾಸಿಯಂ ಏರುಪೇರಾದರೆ ಬಡಿತ ತಪ್ಪುತ್ತದೆ. ಗುಳಿಗೆಯನ್ನು ಇಬ್ಬರ ಚೀಲದಲ್ಲಿ ಹಂಚಿ ಇಡಿ, ಒಂದು ಕಳೆದರೂ ಇನ್ನೊಂದು ಇರುತ್ತದೆ. ಮನೆಯಲ್ಲೂ ತಗಡಿನ ಸೂರಿನ ಕೆಳಗೆ, ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ. ಒಳಕೋಣೆಯ ಗೋಡೆಯ ಮಾಡ ಒಳ್ಳೆಯ ಜಾಗ.

ಚಹಾ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬಹಳಷ್ಟು ಜನರಿಗೆ ದಿನಕ್ಕೆ ಎರಡು ಮೂರು ಕಪ್‌ನಿಂದ ಏನೂ ಆಗುವುದಿಲ್ಲ. ಕುಡಿದಾಗಲೆಲ್ಲ ಬಡಿತ ಏರಿದ್ದು ನೋಟ್‌ಬುಕ್‌ನಲ್ಲಿ ಕಂಡರೆ ಕಡಿಮೆ ಮಾಡಿ. ದಾರೂ ಮಾತ್ರ ಬಡಿತವನ್ನು ಖಂಡಿತ ಕೆಡಿಸುತ್ತದೆ. ನಮ್ಮ ದ್ರಾಕ್ಷಿ, ಒಣದ್ರಾಕ್ಷಿ ತಿನ್ನಬಹುದು, ಗುಳಿಗೆಯ ಕಾಗದದಲ್ಲಿ ಬೇಡ ಅಂತ ಬರೆದಿರುವ ಗ್ರೇಪ್‌ಫ್ರೂಟ್ ಚಕ್ಕೋತದ ಜಾತಿಯ ಬೇರೆ ಹಣ್ಣು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರು ಅದನ್ನೂ ತೋರಿಸಿ, ಅದಕ್ಕೆ ಚಿಕಿತ್ಸೆ ಆಗದಿದ್ದರೆ ಗುಳಿಗೆಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಯಾವಾಗ ಓಡಬೇಕು

ಹಲ್ಲುಜ್ಜಿದಾಗ ಸ್ವಲ್ಪ ರಕ್ತ, ಮೈಮೇಲೆ ಸಣ್ಣ ನೀಲಿ ಕಲೆ ಕಂಡರೆ ಬರೆದಿಟ್ಟು ಮುಂದಿನ ಭೇಟಿಯಲ್ಲಿ ಹೇಳಿ. ಮೂಗಿನಿಂದ ರಕ್ತ ಬಂದರೆ ತಲೆ ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತನೆ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ದವಾಖಾನೆ. ಡಾಂಬರಿನಂತೆ ಕಪ್ಪು ಅಂಟು ಮಲ, ಕೆಂಪು ಮೂತ್ರ, ರಕ್ತವಾಂತಿ ಆದರೆ ತಡ ಮಾಡಬೇಡಿ. ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಇಲ್ಲದಿದ್ದರೂ, ಮಾತು ಚೆನ್ನಾಗಿದ್ದರೂ ಅದೇ ದಿನ ತೋರಿಸಬೇಕು.

ಸುಮ್ನೆ ಕೂತಾಗಲೂ ನಾಡಿ 120 ದಾಟಿ ಇಳಿಯುತ್ತಲೇ ಇಲ್ಲ, ಅಥವಾ 50ಕ್ಕಿಂತ ಕೆಳಗಿದ್ದು ಚಕ್ಕರ್ ಬರುತ್ತಿದೆ, ಎದೆ ನೋವು, ಎಚ್ಚರ ತಪ್ಪಿತು ಅಂದರೆ 108ಕ್ಕೆ ಫೋನ್ ಮಾಡಿ.

ಬಾಯಿ ಒಂದು ಕಡೆ ಸೊಟ್ಟ ಆದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ ಅದು ಲಕ್ವ. ಹೆಪ್ಪು ಕರಗಿಸುವ ಚಿಕಿತ್ಸೆ ಕೊಡಲು ಸಮಯ ನಾಲ್ಕೂವರೆ ತಾಸು, ಅದರಲ್ಲೂ ಬೇಗ ಹೋದಷ್ಟು ಲಾಭ. ನಮ್ಮ ಭಾಗದಲ್ಲಿ ಲಕ್ವ ಅಂದ ಕೂಡಲೇ ನಾಟಿ ಔಷಧ ಕೊಡುವ ಊರಿಗೆ ಗಾಡಿ ತಿರುಗಿಸುತ್ತಾರೆ, ಎಣ್ಣೆ ತಿಕ್ಕುತ್ತಾ ಕೂರುತ್ತಾರೆ, ಆ ತಾಸುಗಳೆಲ್ಲ ಅಲ್ಲೇ ಹೋಗುತ್ತವೆ. ಸಿಂದಗಿ, ತಾಳಿಕೋಟೆ ಕಡೆಯಿಂದ ವಿಜಯಪುರಕ್ಕೆ ಬರಲೇ ಒಂದು ತಾಸಿಗೆ ಮೇಲೆ ಬೇಕು. ನೇರ ಸಿಟಿ ಸ್ಕ್ಯಾನ್ ಇರುವ ದೊಡ್ಡ ದವಾಖಾನೆಗೆ ಹೋಗಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲಾ ಊರುಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಅಲ್ಲಿ ಮೊದಲು ಹೇಳಬೇಕಾದ್ದು ಎರಡೇ ಮಾತು: ರಕ್ತ ತೆಳು ಮಾಡೋ ಯಾವ ಗುಳಿಗೆ ತಗೊಳ್ಳುತ್ತಾರೆ, ಕೊನೆಯದು ಎಷ್ಟು ಗಂಟೆಗೆ ತಗೊಂಡರು. ಚಿಕಿತ್ಸೆ ಯಾವುದು ಅನ್ನೋದು ಅದರ ಮೇಲೇ ನಿಲ್ಲುತ್ತದೆ. ಅದಕ್ಕೆ ಒಂದು ದಪ್ಪ ಕಾಗದದ ಮೇಲೆ ನಿಮ್ಮ ಹೆಸರು, ಕಾಯಿಲೆಯ ಹೆಸರು, ಗುಳಿಗೆಗಳ ಹೆಸರು, ಎಂಜಿ, ತಗೊಳ್ಳುವ ಹೊತ್ತು, ಮನೆಯವರ ಫೋನ್ ನಂಬರ್ ಬರೆದು ಆಧಾರ್ ಕಾರ್ಡ್ ಜೊತೆ ಜೇಬಿನಲ್ಲಿಡಿ, ಡೋಸ್ ಬದಲಾದ ದಿನವೇ ಅದನ್ನೂ ಬದಲಾಯಿಸಿ, ಮತ್ತು ಅದರ ಒಂದು ಫೋಟೊ ಮನೆಯ ಎಲ್ಲರ ಮೊಬೈಲ್‌ನಲ್ಲೂ ಇರಲಿ.